ಅಟ್ಟದಿಂದ ಇಳಿದ ಪಾತ್ರೆಗಳು

ರುದ್ರಮ್ಮನವರಿಗೆ ಏನನ್ನೂ ಬಿಟ್ಟುಕೊಟ್ಟು ಅಭ್ಯಾಸವಿರಲಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದರಲ್ಲಿ ಬಂದ ಸ್ಟೀಲ್ ಪಾತ್ರೆಯಾದರೂ ಕೊಟ್ಟವರ ಹೆಸರು ಓದಿ, ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಿದ್ದರು. ಯಾರ ಮನೆಗೆ ಹೋದರೂ ಕಾಫಿ ಕುಡಿದ ಮೇಲೆ ಲೋಟ ತಿರುಗಿಸಿ ಹೆಸರು ನೋಡುತ್ತಿದ್ದರು. ಹರಿಹರ ಬಿಟ್ಟು ಮಗ ಮಲ್ಲಿಕ್, ಸೊಸೆ ನಿವೇದಿತಾ ಇರುವ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಬಂದಾಗ ಪಾತ್ರೆಗಳೂ ಲಾರಿ ಹತ್ತಿದವು. "ಅಟ್ಟದ ಮೇಲೆ ನಿನ್ನದೊಂದು ಬೇರೆ ಸಂಸಾರ ಐತೆ ನೋಡು" ಎಂದು ಗಂಡ ಗದಿಗೆಪ್ಪನವರು ಬದುಕಿರುವತನಕ ಛೇಡಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ಹರಿಹರದಲ್ಲಿದ್ದ ರುದ್ರಮ್ಮನವರ ಅಕ್ಕ ತೀರಿಕೊಂಡರು. ಮನೆ ಖಾಲಿ ಮಾಡುವ ದಿನ ಗುಜರಿಯವನು ಪಾತ್ರೆಗಳನ್ನು ಚೀಲಕ್ಕೆ ತುಂಬಿ ತೂಗುತ್ತಿದ್ದ. ಒಂದು ಬೋಗುಣಿಗೆ ಅಂಗಡಿಯ ಕಾಗದ ಇನ್ನೂ ಅಂಟಿಕೊಂಡೇ ಇತ್ತು. ಅಂಚಿನಲ್ಲಿ ಚುಕ್ಕೆ ಚುಕ್ಕೆಯ ಅಕ್ಷರ: ‘ತಂಗಿ ರುದ್ರಮ್ಮ’. ಅಷ್ಟು ಆಸೆಯಿಂದ ಆರಿಸಿ ಕೊಟ್ಟಿದ್ದರಲ್ಲಿ ಅಕ್ಕ ಒಂದು ದಿನವೂ ಸಾರು ಕುದಿಸಿರಲಿಲ್ಲ.

ರುದ್ರಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬೆಂಗಳೂರಿನ ಬಸ್ಸು ಹತ್ತಿದರು. ಮರುದಿನ ಅದರಲ್ಲೇ ಸಾರು ಮಾಡಿ, ಮಗನನ್ನು ಕರೆದು, "ಅಟ್ಟದ್ದೆಲ್ಲ ಇಳಿಸೋ" ಅಂದರು.

"ಅಮ್ಮಾ, ಜ್ವರ ಗಿರ ಬಂದಿದೆಯಾ?" ಮಲ್ಲಿಕ್ ಹಣೆ ಮುಟ್ಟಿ ನೋಡಿದ.

ಹಾಲ್ ತುಂಬ ಪಾತ್ರೆ ಹರಡಿತು. ಮನೆಗೆ ಬೇಕಾದ ನಾಲ್ಕಾರನ್ನು ಎತ್ತಿಟ್ಟು, ಉಳಿದದ್ದನ್ನು ರುದ್ರಮ್ಮ ಮಹಾನಂದಾಳ ಮುಂದೆ ಸರಿಸಿದರು. ಯಾದಗಿರಿ ಕಡೆಯ ಮಹಾನಂದಾ ಮನೆಗೆಲಸಕ್ಕೆ ಬರುವವಳು. ಗಂಡ ಸಿದ್ರಾಮ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಪಟ್ಟಂದೂರು ಅಗ್ರಹಾರದ ಬಾಡಿಗೆ ಕೋಣೆಯಲ್ಲಿ ಅನ್ನಕ್ಕೊಂದು, ಬೇಳೆಗೊಂದು ಪಾತ್ರೆ ಇಟ್ಟುಕೊಂಡು ಸಂಸಾರ ಮಾಡುತ್ತಿದ್ದಳು.

ಅವಳು ಒಂದನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. "ಬ್ಯಾಡ್ರಿ ಅಮ್ಮಾರ."

"ಯಾಕೆ? ಹೊಸಾವು ಕಣೇ!"

"ಮಂದಿ ಹೆಸರು ಅದಾವ್ರಿ ಇದರ ಮ್ಯಾಲೆ. ಗೇಟಿನ್ಯಾಗ ನೀವು ಹೇಳಿದ್ರ ಬಿಡ್ತಾರ. ನಮ್ಮನಿಗಿ ಬಂದು ನೋಡಿದವರಿಗೆ ಯಾರು ಹೇಳ್ತಾರ್ರಿ? ಕದ್ದು ತಂದಾಳ ಅಂತಾರ."

ಕೊಡಲು ಹೋದ ಕೈಗೆ ಯಾರೋ ಏಟು ಹಾಕಿದಂತಾಯಿತು. ಎಷ್ಟು ಜಂಬ ಇವಳಿಗೆ ಎಂದು ಮಧ್ಯಾಹ್ನವೆಲ್ಲ ಮುನಿಸಿಕೊಂಡು ಕೂತರು. ಸಂಜೆ ನಿವೇದಿತಾ ಕೊಟ್ಟ ಕಾಫಿ ಕುಡಿದು, ರೂಢಿಯಂತೆ ಲೋಟ ತಿರುಗಿಸಿದಾಗ ಅವರಿಗೆ ತಮ್ಮ ಕೈಯೇ ಕಂಡಿತು. ಮಹಾನಂದಾಳ ಮನೆಗೆ ತಾವೇ ಹೋಗಿದ್ದರೆ ಮೊದಲು ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ?

ಬೆಳಿಗ್ಗೆ ಅವಳು ಬರುತ್ತಲೇ ಕೇಳಿದರು: "ನಿನ್ನ ಹೆಸರೂ ಬರೆಸಿಕೊಟ್ರೆ ತಗೊಳ್ತೀಯಾ?"

ಮಹಾನಂದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಆಧಾರ್ ಕಾರ್ಡ್ ಬಿಟ್ರ ನನ್ನ ಹೆಸರು ಎಲ್ಲೂ ಬರದಿಲ್ರಿ."

ಇಬ್ಬರೂ ಮೂಟೆ ಕಟ್ಟಿಕೊಂಡು ಆಟೋದಲ್ಲಿ ಪಾತ್ರೆ ಅಂಗಡಿಗೆ ಹೋದರು. ಹೆಸರು ಕೊರೆಯುವ ಹುಡುಗ ಮಿಷನ್ ಹಿಡಿದು ಕೇಳಿದ: "ಯಾವ ಫಂಕ್ಷನ್ನು ಅಜ್ಜಿ? ಡೇಟ್ ಹಾಕ್ಲಾ?"

"ಫಂಕ್ಷನ್ ಏನಿಲ್ಲಪ್ಪ. ಅಡುಗೆ ಮಾಡ್ಕೊಂಡು ಉಣ್ಣೋಕೆ. ‘ರುದ್ರಮ್ಮನಿಂದ ಮಹಾನಂದಾಗೆ’ ಅಂತ ಬರಿ."

ಕಿರ್ರೆಂದು ಒಂದೊಂದೇ ಮುಗಿಯಿತು. ಕೊನೆಗೆ ಉಳಿದದ್ದು ಮುಚ್ಚಳದ ಡಬ್ಬಿ. ನಿವೃತ್ತಿಯ ದಿನ ಗದಿಗೆಪ್ಪನವರಿಗೆ ಆಫೀಸಿನವರು ಕೊಟ್ಟಿದ್ದು. ಅವರ ಹೆಸರು ದೊಡ್ಡದಾಗಿ ಇತ್ತು.

"ಹಳೇ ಹೆಸ್ರು ಉಜ್ಜಿ ತೆಗ್ದುಬಿಡ್ಲಾ ಅಜ್ಜಿ?"

ರುದ್ರಮ್ಮ ಡಬ್ಬಿ ಬಿಡಲಿಲ್ಲ. ಬೆರಳು ಆ ಚುಕ್ಕೆಗಳ ಮೇಲೆ ಮೆಲ್ಲಗೆ ಓಡಾಡಿತು.

"ಅದೊಂದು ನಿಮ್ಮ ಕಡೀನ ಇರ್ಲಿ ಬಿಡ್ರಿ ಅಮ್ಮಾರ," ಎಂದಳು ಮಹಾನಂದಾ.

"ಯಾಕೆ, ಮತ್ತೆ ಸೀರೆ ಸುತ್ತಿ ಇಡೋಕಾ?" ರುದ್ರಮ್ಮ ಡಬ್ಬಿಯನ್ನು ಹುಡುಗನ ಕೈಗೆ ಕೊಟ್ಟರು. "ತೆಗೀಬೇಡಪ್ಪ. ಅದರ ಕೆಳಗೇ ಇವಳ ಹೆಸರು ಬರಿ. ಅವರಿಗೆ ಯಾವಾಗ್ಲೂ ಮನೆ ತುಂಬ ಜನ ಇರಬೇಕಿತ್ತು, ಒಂಟಿಯಾಗಿ ಇದ್ದವರಲ್ಲ."

ಖಾಲಿ ಅಟ್ಟ ನೋಡಿ ನಿವೇದಿತಾ, "ಅತ್ತೆ, ನನ್ನ ಸೂಟ್‌ಕೇಸ್ ಅಲ್ಲಿಡ್ಲಾ?" ಎಂದಳು. "ಒಂದಷ್ಟು ದಿನ ಬೇಡ ಕಣಮ್ಮ. ಸುಮ್ಮನೆ ಖಾಲಿ ಇರಲಿ, ನೋಡೋಣ," ಎಂದರು ರುದ್ರಮ್ಮ.

ಒಂದು ಸೋಮವಾರ ಮಹಾನಂದಾ ಅದೇ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದು ಕಟ್ಟೆಯ ಮೇಲಿಟ್ಟಳು. "ಡಬ್ಬಿ ನಮ್ಮನಿದು ಅದ ರೀ. ನೆನಪಿಲೆ ವಾಪಸ್ ಕೊಡ್ರಿ. ಮತ್ತ ಅಟ್ಟಕ್ಕ ಏರಿಸಿಗೀರಿಸೀರಿ!"

"ಆಯ್ತು ತಾಯಿ, ನಿನ್ನ ಡಬ್ಬಿ ನಿನಗೇ."

ಹೋಳಿಗೆ ತೆಗೆದಿಟ್ಟು, ರುದ್ರಮ್ಮ ಡಬ್ಬಿ ತೊಳೆದು ಒರೆಸಿದರು. ಒಂದರ ಕೆಳಗೊಂದು ಎರಡು ಹೆಸರು. ಖಾಲಿ ಡಬ್ಬಿ ಕೊಡಲು ಮನಸ್ಸಾಗದೆ ಒಗ್ಗರಣೆ ಮಂಡಕ್ಕಿ ತುಂಬಿ, ಅಮುಕಿ ಮುಚ್ಚಳ ಹಾಕಿ, ಮಹಾನಂದಾಳ ಚೀಲದ ಪಕ್ಕದಲ್ಲಿಟ್ಟರು.