ಅಪ್ಪನ ಎಡಕ್ಕೆ ಕೂರುವವರು

ವಾಡಿಯ ನಮ್ಮ ಮನೆಗೆ ನೀವು ಎಂದಾದರೂ ಊಟಕ್ಕೆ ಬಂದರೆ, ಶಹಾಬಾದಿ ಕಲ್ಲಿನ ತಣ್ಣನೆಯ ನೆಲದ ಮೇಲೆ ತಟ್ಟೆ ಹಾಕಿರುವ ರೀತಿ ನೋಡಿ ಸ್ವಲ್ಪ ತಬ್ಬಿಬ್ಬಾಗುತ್ತೀರಿ. ಅಪ್ಪನ ತಟ್ಟೆ ಬಲಗೋಡೆಗೆ ಅಂಟಿಕೊಂಡಿರುತ್ತದೆ. ಅವ್ವ, ತಂಗಿ, ನಾನು, ಬಂದ ನೆಂಟರು ಎಲ್ಲರೂ ಅವನ ಎಡಕ್ಕೆ ಸಾಲಾಗಿ ಕೂರುತ್ತೇವೆ. ಇದು ಮಡಿಯೂ ಅಲ್ಲ, ವಾಸ್ತುವೂ ಅಲ್ಲ. ಅಪ್ಪನ ಬಲಗಿವಿ ಕಾರ್ಗಿಲ್ಲಿನ ಬೆಟ್ಟಗಳಲ್ಲೇ ಉಳಿದುಹೋಗಿದೆ, ಅಷ್ಟೆ. ಫಿರಂಗಿಗೆ ಗುಂಡು ತುಂಬುವ ಕೆಲಸ ಅವನದು. ಹಗಲಿರುಳು ಆ ಸದ್ದಿನ ಪಕ್ಕದಲ್ಲಿ ನಿಂತು ಯುದ್ಧ ಮುಗಿಸಿ ಬಂದಾಗ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಮಾತ್ರ ಕೇಳುತ್ತಿತ್ತು. ಯಾರಾದರೂ ಅಯ್ಯೋ ಎಂದರೆ ಅವನ ಉತ್ತರ ಸಿದ್ಧವಾಗಿರುತ್ತದೆ: “ಬಲಗಿವಿ ಸರಕಾರಕ್ಕ ಕೊಟ್ಟೀನ್ರಿ, ಎಡಗಿವಿ ಮನಿಯಾಕಿಗೆ.”

ರಾವೂರಿನ ಕಡೆ ಗಣಿಯಲ್ಲಿ ಮದ್ದು ಸಿಡಿಸಿದಾಗ ನಮ್ಮ ಅಡುಗೆಮನೆಯ ಪಾತ್ರೆಗಳು ಗಿಲಕ್ಕೆನ್ನುತ್ತವೆ, ನಾವು ಬೆಚ್ಚುತ್ತೇವೆ. ಅಪ್ಪ ಮಾತ್ರ ನೆಲದ ಅದುರನ್ನು ಅಂಗಾಲಿನಲ್ಲೇ ಕೇಳಿಸಿಕೊಂಡು, “ಹಾಂ, ಹೊಡದ್ರು” ಎಂದು ಜೋಳದ ರೊಟ್ಟಿ ಮುರಿಯುತ್ತಾನೆ.

ಇಂಥ ಮನೆಯಲ್ಲಿ ಮಾತೆಂದರೆ ಕೂಗು. ಸಾರಿಗೆ ಉಪ್ಪು ಕಡಿಮೆಯಾದದ್ದು, ನಾನು ಗಣಿತದಲ್ಲಿ ನಪಾಸಾದದ್ದು, ಅವ್ವನಿಗೆ ತವರಿನ ಮೇಲೆ ಬಂದ ಸಿಟ್ಟು, ಎಲ್ಲವೂ ಅಪ್ಪನನ್ನು ಮುಟ್ಟುವ ಮೊದಲೇ ಓಣಿಯ ಕೊನೆ ಮುಟ್ಟುತ್ತಿದ್ದವು. ಗೋಡೆಗೂ ಕಿವಿ ಇರುತ್ತದೆ ಎಂದು ಉಳಿದವರು ಹೆದರುತ್ತಾರೆ. ನಮಗೆ ಆ ಹೆದರಿಕೆಯ ಭಾಗ್ಯವೂ ಇರಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ನಮ್ಮದು ಜಗಳಗಂಟರ ಮನೆಯೆಂದೇ ತಿಳಿಯುತ್ತಿದ್ದರು. ಆದರೆ ಈಗ ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಚಾಡಿಗೆ ಸಣ್ಣ ದನಿ ಬೇಕು, ಸುಳ್ಳಿಗೂ ಬೇಕು. ಹತ್ತು ಜನರೆದುರು ಹೇಳಲಾಗದ ಮಾತನ್ನು ನಮ್ಮ ಮನೆಯಲ್ಲಿ ಹೇಳುವ ಹಾಗೆಯೇ ಇರಲಿಲ್ಲವಾದ್ದರಿಂದ, ಅಂಥದ್ದನ್ನು ಯೋಚಿಸುವ ಅಭ್ಯಾಸವೂ ನಮಗೆ ತಪ್ಪಿಹೋಯಿತು. ಇದಕ್ಕಿಂತ ದೊಡ್ಡ ಸಂಸ್ಕಾರವನ್ನು ಯಾವ ತಂದೆಯೂ ಮಕ್ಕಳಿಗೆ ಕೊಟ್ಟಿರಲಾರ ಎಂದು ನನಗೆ ಹೆಮ್ಮೆ.

ಹೀಗೆ ಹೆಮ್ಮೆ ಪಡುವ ನಾನೇ ಒಮ್ಮೆ ಆ ಮನೆಗೆ ಪಿಸುಮಾತು ಕಲಿಸಲು ಹೋಗಿದ್ದೆ.

ಕಳೆದ ವರ್ಷದ ಮಾತು. ಚಿತ್ತಾಪುರದ ಆಸ್ಪತ್ರೆಯಲ್ಲಿ ನರ್ಸಾಗಿರುವ ನನ್ನ ತಂಗಿ ಶೋಭಾಳನ್ನು ನೋಡಲು ಚಿಂಚೋಳಿಯಿಂದ ಗಂಡಿನವರು ಬರುವವರಿದ್ದರು. ನಾನೋ ಮನೆಯ ಹಿರಿಮಗಳು, ಸೇಡಂನ ಸೊಸೆ, ನಾಲ್ಕು ಮದುವೆ ಮಾಡಿಸಿದ ಗತ್ತು ಬೇರೆ. ನಾನು ಹಿಂದಿನ ದಿನವೇ ಬಂದಿಳಿದೆ. ಕಿವುಡು ವಂಶದಲ್ಲೇ ಇದೆಯೆಂದು ಅವರು ಅಂದುಕೊಂಡರೆ ಸಂಬಂಧ ಕೈತಪ್ಪೀತು ಎಂಬ ಭಯ ನನ್ನದು. ನಾಳೆ ಯಾರೂ ಕೂಗಬಾರದೆಂದು ಅಪ್ಪಣೆ ಮಾಡಿದೆ. ಅಪ್ಪನಿಗೆ, “ಅವರೇನ ಕೇಳಿದ್ರೂ ನೀ ನಕ್ಕೋತ ಹೌದ್ರಿ ಅನ್ನು, ಸಾಕು” ಎಂದೆ. ಇದನ್ನೂ ಕೂಗಿಯೇ ಹೇಳಬೇಕಾಯಿತು. ನಮ್ಮ ಗುಟ್ಟು ಓಣಿಗೆಲ್ಲ ತಿಳಿಯಿತು. ಅಪ್ಪ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಮೇಲಧಿಕಾರಿಯ ಹುಕುಂ ಒಪ್ಪುವವನ ಹಾಗೆ, “ಆತವ್ವಾ” ಎಂದ. ಆ ನೋಟ ಈಗಲೂ ನನ್ನನ್ನು ಚುಚ್ಚುತ್ತದೆ.

ಮರುದಿನ ಗಂಡಿನ ತಂದೆ ಬಂದವರೇ ಅಪ್ಪನ ಬಲಗಡೆಯ ಕುರ್ಚಿ ಹಿಡಿದರು. ಮೆದು ಮಾತಿನ ಮನುಷ್ಯ. ಮಳೆ ಬೆಳೆಯ ಮಾತಿಗೆ ಅಪ್ಪ ನಗುತ್ತ ಹೌದ್ರಿ ಎಂದ, ಮಿಲ್ಟ್ರಿಯ ಕಷ್ಟಕ್ಕೂ ಹೌದ್ರಿ ಎಂದ. ನಾನು ಗೆದ್ದೆನೆಂದುಕೊಂಡೆ. ಆಗ ಅವರು ಕೇಳಿದರು: “ಲಗ್ನ ಆದ ಮ್ಯಾಲ ಹುಡುಗಿ ನೌಕರಿ ಬಿಡ್ತಾಳಲ್ರಿ?”

“ಹೌದ್ರಿ” ಎಂದ ಅಪ್ಪ, ಅದೇ ನಗುವಿನಲ್ಲಿ.

ಚಹಾ ತರುತ್ತಿದ್ದ ಶೋಭಾ ಬಾಗಿಲಲ್ಲೇ ನಿಂತಳು. ಬೇರೆ ಹುಡುಗಿಯಾಗಿದ್ದರೆ ಅತ್ತು ಒಳಗೆ ಹೋಗುತ್ತಿದ್ದಳೇನೋ. ಇವಳು ತಟ್ಟೆಯನ್ನು ನೆಲಕ್ಕಿಟ್ಟು, ಅಪ್ಪನ ಎಡಕ್ಕೆ ಬಂದು, ನಮ್ಮ ಮನೆಯ ನಿಜವಾದ ದನಿಯಲ್ಲಿ ಕೂಗಿದಳು: “ಅಪ್ಪಾ! ನಾ ನೌಕರಿ ಬಿಡ್ತೀನೇನಂತ ಕೇಳಾಕತ್ತಾರ!”

ಅಪ್ಪನ ನಗು ಹಾರಿಹೋಯಿತು. “ಯಾಕ ಬಿಡ್ತಾಳ್ರೀ?” ಎಂದು ಅವನು ಗುಡುಗಿದ್ದಕ್ಕೆ ಬೀದಿಯ ನಾಯಿ ಎದ್ದು ಬೊಗಳಿತು.

ಶೋಭಾ ಗಂಡಿನವರ ಕಡೆ ತಿರುಗಿ, “ನಮ್ಮಪ್ಪಗ ಬಲಗಿವಿ ಕೇಳಸಂಗಿಲ್ರಿ. ಯುದ್ಧದಾಗ ಹೋಗ್ಯದ. ನಿಮಗ ಹೇಳಬಾರದಂತ ಮಾಡಿದ್ವಿ, ತಪ್ಪಾತು” ಎಂದಳು. ಅವರು ಚಹಾ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದರು. ನಾನು ತಂಗಿಯ ಮೇಲೆ ಹರಿಹಾಯ್ದಾಗ ಅಪ್ಪ ನನ್ನನ್ನು ತಡೆದು ಹೇಳಿದ್ದು ಒಂದೇ ಮಾತು: “ಮುಚ್ಚಿಡಾಕ ಅದೇನ ಕಳವಿನ ಮಾಲೇನವ್ವಾ?”

ಎಂಟು ದಿನ ಸುದ್ದಿಯಿಲ್ಲ. ನನ್ನ ತಪ್ಪಿನಿಂದ ತಂಗಿಯ ಸಂಬಂಧ ತಪ್ಪಿತೆಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಭಾನುವಾರ ನಾನು ಮತ್ತೆ ವಾಡಿಗೆ ಹೋದಾಗ ಅಪ್ಪನ ಫೋನು ರಿಂಗಾಯಿತು. ಆ ಮೆದು ಮಾತಿನ ಮನುಷ್ಯ ಗಂಟಲು ಹರಿಯುವಂತೆ ಕೂಗುತ್ತಿದ್ದರು: “ಸಂಬಂಧ ನಮಗ ಪಸಂದ್ ಅದರೀ! ಹುಡುಗಿ ನೌಕರಿ ಬಿಡೋದು ಬ್ಯಾಡ್ರೀ!”

“ಕೇಳಸಲಿಲ್ರಿ, ಇನ್ನೊಮ್ಮಿ ಹೇಳ್ರಿ!” ಎನ್ನುತ್ತ ಅಪ್ಪ ಸ್ಪೀಕರ್ ಹಾಕಿಕೊಂಡು ಬಾಗಿಲಿಗೆ ಹೋದ. ಅವರು ಇನ್ನೊಮ್ಮೆ ಕೂಗಿದರು. “ಇನ್ನೊಂದ್ ಸಲ!” ಎಂದು ಅಪ್ಪ ಕಟ್ಟೆಗೆ ಇಳಿದ. ಮೂರನೆಯ ಸಲಕ್ಕೆ ಎದುರುಮನೆಯ ಕಾಕಿ ಹಪ್ಪಳ ಒಣಹಾಕುವುದನ್ನು ಬಿಟ್ಟು, “ನಮಗೂ ಕೇಳಸ್ತು ಬಿಡೋ ಯಣ್ಣಾ, ಪೋರಿ ನೌಕರಿ ಬಿಡಂಗಿಲ್ಲ!” ಎಂದು ಕೂಗಿದಳು.

ಫೋನಿಟ್ಟ ಮೇಲೆ ನಾನು ಅವನ ಎಡಕ್ಕೆ ಹೋಗಿ ಕೇಳಿದೆ: “ಅಪ್ಪಾ, ಖರೇನೇ ಕೇಳಸಿರಲಿಲ್ಲೇನು?”

ಅಪ್ಪ ಓಣಿಯ ಆಚೆ ಈಚೆ ನೋಡಿ, ನನ್ನ ಕಿವಿಗೆ ಬಾಯಿ ತಂದು, ನಾನು ಹುಟ್ಟಿದಂದಿನಿಂದ ಮೊದಲ ಸಲ ಪಿಸುಗುಟ್ಟಿದ: “ಮೊದಲನೇ ಸಲಕ್ಕೇ ಕೇಳಸಿತ್ತವ್ವಾ. ಸಾಕ್ಷಿ ಬೇಕಲ್ಲ.”