ತೂಗುಸೇತುವೆಯ ಮೇಲೆ ತಮ್ಮ ಆಡಿದ ಮಾತು

ನನಗೆ ಎತ್ತರ ಕಂಡರೆ ಆಗದು. ಹಿರಿಯೂರಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿ ಇಪ್ಪತ್ತು ವರ್ಷವಾಯಿತು. ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ಮಂಡಿನೋವು ಅಂತ ಸುಳ್ಳು ಹೇಳಿ ಕೆಳಗೇ ಉಳಿಯುತ್ತೇನೆ.

ನಿಜವಾದ ಕಾರಣ ಬಾಗೂರಿನಲ್ಲಿ, ನಮ್ಮ ಹಳೆಯ ಮನೆಯ ಹಿಂದಿದ್ದ ಹುಣಸೆಮರ. ಆಗ ನನಗೆ ಹನ್ನೊಂದು, ತಮ್ಮನಿಗೆ ಏಳು. ನಾನು ಮೇಲಿನ ಕೊಂಬೆಯಲ್ಲಿ ಕೂತು, "ಬಾರಲೇ, ಹೆದರುಪುಕ್ಲ" ಅಂತ ಕೂಗಿದೆ. ಅವನು ಹತ್ತಿದ. ಇನ್ನೇನು ಅವನ ಕೈ ನನ್ನ ಕಾಲಿಗೆ ತಾಗಬೇಕು, ಅವನು ನಿಂತಿದ್ದ ಕೊಂಬೆ ಲಟಕ್ಕೆಂದಿತು. ಅವನು ನೆಲ ಮುಟ್ಟುವವರೆಗೂ ನಾನು ಮೇಲಿನಿಂದ ನೋಡಿದೆ. ಅವನ ಎಡಗಾಲು ಆಮೇಲೆ ನೆಟ್ಟಗಾಗಲೇ ಇಲ್ಲ.

ಅವ್ವ ಓಡಿ ಬಂದು ಕೇಳಿದಾಗ, "ಬ್ಯಾಡ ಅಂದ್ರೂ ಹತ್ತಿದ" ಅಂದುಬಿಟ್ಟೆ. ಸಾಯುವವರೆಗೂ ಅವ್ವ ಅವನನ್ನೇ ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಬಿದ್ದಾಗ ಜ್ಞಾನ ತಪ್ಪಿತ್ತಲ್ಲ, ಅವನಿಗೆ ನೆನಪಿರಲಿಕ್ಕಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಅವನೀಗ ಹೊಳಲ್ಕೆರೆಯಲ್ಲಿ ಟೈಲರ್. ಹೋದ ವರ್ಷ ಅವನ ಮಗಳು ಮೊಬೈಲಿನಲ್ಲಿ ಘಟ್ಟದ ಕಾಡೊಂದರ ವಿಡಿಯೋ ನೋಡಿ, "ದೊಡ್ಡಪ್ಪ, ಎಲ್ಲಾರೂ ಹೋಗಾಣ" ಎಂದು ಹಟ ಹಿಡಿದಳು. ನಾನು, ನನ್ನ ಹೆಂಡತಿ, ತಮ್ಮ, ಅವನ ಮಗಳು ಒಂದೇ ಕಾರಿನಲ್ಲಿ ಹೊರಟೆವು.

ನಮ್ಮ ಕಡೆಯ ಕುರುಚಲು ಗುಡ್ಡ ನೋಡಿದ ಕಣ್ಣಿಗೆ ಆ ಕಾಡು ಉಸಿರು ಕಟ್ಟಿಸಿತು. ನಡುಹಗಲಿನಲ್ಲೂ ಮಬ್ಬು. ಮಳೆ ನಿಂತು ಎಷ್ಟೋ ಹೊತ್ತಾಗಿದ್ದರೂ ಎಲೆಗಳು ತೊಟ್ಟಿಕ್ಕುತ್ತಲೇ ಇದ್ದವು. ಆಳದ ಹಳ್ಳದ ಮೇಲೆ ಹಗ್ಗ, ಹಲಗೆಗಳ ತೂಗುಸೇತುವೆ. ಸೊಂಟಕ್ಕೆ ಬೆಲ್ಟು ಕಟ್ಟಿ ಇಬ್ಬಿಬ್ಬರನ್ನೇ ಬಿಡುತ್ತಿದ್ದರು. ಹುಡುಗಿ ನನ್ನ ಹೆಂಡತಿಯ ಕೈ ಹಿಡಿದು ನಗುನಗುತ್ತಾ ದಾಟಿದಳು. ಆಮೇಲೆ ತಮ್ಮ, ಅವನ ಹಿಂದೆ ನಾನು. ಹುಡುಗಿಯೆದುರು ಒಲ್ಲೆ ಅನ್ನಲು ನಾಚಿಕೆಯಾಗಿತ್ತು.

ನಡುವಿಗೆ ಬರುವಷ್ಟರಲ್ಲಿ ಹಲಗೆಗಳ ಸಂದಿಯಲ್ಲಿ ಕೆಳಗಿನ ಬಂಡೆ ಕಂಡಿತು. ಎರಡೂ ಕೈಯಲ್ಲಿ ಹಗ್ಗ ಹಿಡಿದು ಕುಸಿದು ಕೂತೆ.

"ಅಣ್ಣ, ಬಾ," ಎಂದ ತಮ್ಮ.

"ಆಗಲ್ಲ ಕಣಲೇ. ನೀನು ಹೋಗು."

ಅವನು ತಿರುಗಿ ನನ್ನ ಕಡೆ ಬರತೊಡಗಿದ. ಎಡಗಾಲನ್ನು ಎಳೆದು ಇಟ್ಟಾಗಲೆಲ್ಲ ಸೇತುವೆ ವಾಲುತ್ತಿತ್ತು.

"ಬರಬ್ಯಾಡ! ಬೀಳ್ತೀಯ!" ಎಂದು ಕಿರುಚಿದೆ.

ಅವನು ಬಂದು ನನ್ನ ಮುಂಗೈ ಹಿಡಿದ. ಮೆಲ್ಲಗೆ ಹೇಳಿದ: "ಅವತ್ತೂ ನೀನು ಹಿಂಗೇ ಕೊಂಬೆ ತಬ್ಕಂಡು ಕುಂತಿದ್ದೆ. ನಂಗೆ ಪೂರ್ತಿ ಜ್ಞಾನ ತಪ್ಪಿರ್ಲಿಲ್ಲ, ಕೆಳಗಿಂದ ನೋಡ್ತಿದ್ದೆ ನಾನು."

"ನಿಂಗೆ ನೆನಪೈತಾ?"

"ಎಲ್ಲಾ ನೆನಪೈತೆ. ನೀನು ಕರೆದಿದ್ದು, ಅವ್ವಂಗೆ ಹೇಳಿದ್ದು."

"ಮತ್ಯಾಕೆ ಸುಮ್ನಿದ್ದೆ?"

"ನೀನೇ ಹೇಳ್ತೀಯ ಅಂತ ಕಾದೆ. ಅವ್ವ ಇರೋ ತನಕ ಕಾದೆ." ನನ್ನ ಮುಂಗೈ ಎಳೆದು, "ಎದ್ದೇಳು. ಕೆಳಗೆ ನೋಡಬ್ಯಾಡ, ನನ್ನ ಬೆನ್ನು ನೋಡ್ಕಂತ ಬಾ," ಎಂದ.

ಎದ್ದೆ. ಬೆವರಿಗೆ ಒದ್ದೆಯಾಗಿದ್ದ ಅವನ ಅಂಗಿಯನ್ನೇ ನೋಡುತ್ತಾ ಹೆಜ್ಜೆ ಇಟ್ಟೆ. ಆಚೆ ದಡದಲ್ಲಿ ಅವನ ಮಗಳು ಚಪ್ಪಾಳೆ ತಟ್ಟಿ, "ದೊಡ್ಡಪ್ಪ ಗೆದ್ರು!" ಎಂದು ಕುಣಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಟೀ ಕುಡಿಯಲು ಇಳಿದೆವು. ಅವನನ್ನು ಒಂದು ಕಡೆ ಕರೆದು, "ತಪ್ಪಾಯ್ತು ಕಣೋ," ಎಂದೆ.

ಅವನು ಸಿಟ್ಟಾಗಲಿಲ್ಲ. "ಇದನ್ನ ಅವ್ವಂಗೆ ಹೇಳ್ಬೇಕಿತ್ತು ಅಣ್ಣ. ನಾನು ಮಾತು ಕೇಳದ ಮಗ ಅಂತ್ಲೇ ತಿಳ್ಕಂಡು ಹೋದ್ಲು," ಎಂದ. ಉಳಿದ ಟೀ ಚೆಲ್ಲಿ ಕಾರಿನ ಕಡೆ ನಡೆದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ನಂಗೂ ಹೇಳ್ಲಿಲ್ವಲ್ಲ ನೀವು," ಅಂದಳಷ್ಟೇ.

ಈಗಲೂ ನಾನು ಫೋನ್ ಮಾಡಿದರೆ ತಮ್ಮ ತೆಗೆಯುತ್ತಾನೆ. ಹೊಳಲ್ಕೆರೆಗೆ ಹೋದರೆ ಮಷಿನ್ ನಿಲ್ಲಿಸಿ ಎದ್ದು ಬರುತ್ತಾನೆ. ಮೊದಲು "ಬಾರಣ್ಣ" ಅನ್ನುತ್ತಿದ್ದವನು ಈಗ, ಅಂಗಡಿಗೆ ಬಂದ ಗಿರಾಕಿಗೆ ಹೇಳುವ ಹಾಗೆ, "ಬರ್ರಿ, ಕುಂತ್ಕಳ್ರಿ" ಅನ್ನುತ್ತಾನೆ.