ಚೌಡಣ್ಣನ ಪಿಕಪ್ಪಿಗೆ ದುಬೈ ಸೆಟ್ಟು ಕೂರಿಸಿದ್ದು

ಭಟ್ಕಳ ಬಂದರದ ಐಸ್ ಪ್ಲಾಂಟಿನಲ್ಲಿ ನಾನು ದಿನಗೂಲಿಗೆ ಸೇರಿದ್ದು 2001ರಲ್ಲಿ. ಅದಕ್ಕೂ ಮೊದಲು ಅಂಚೆಯಲ್ಲಿ ಕಲಿಸುವ ರೇಡಿಯೋ ಮೆಕ್ಯಾನಿಕ್ ಕೋರ್ಸಿನ ಹನ್ನೆರಡು ಪಾಠಗಳಲ್ಲಿ ಏಳನ್ನು ಓದಿ ಮುಗಿಸಿದ್ದೆ. ಉಳಿದ ಐದು ಪಾಠ ಬರುವ ಮೊದಲೇ ನನಗೆ ಎಲ್ಲ ಬರುತ್ತಿತ್ತು. ಬಂದರದಲ್ಲಿ ಯಾರ ಟೇಪ್ ರೆಕಾರ್ಡರ್ ಕೆಟ್ಟರೂ ನನ್ನ ಕೈಗೆ ಬರುತ್ತಿತ್ತು. ಅರ್ಧದಷ್ಟು ಸರಿಯಾಗುತ್ತಿದ್ದವು. ಉಳಿದವುಗಳ ಆಯುಷ್ಯವೇ ಮುಗಿದಿತ್ತು ಎಂದು ಅವುಗಳ ಯಜಮಾನರಿಗೆ ಗಂಭೀರವಾಗಿ ತಿಳಿಸುತ್ತಿದ್ದೆ.

ವೆಂಕಟ್ರಮಣ ಸಾವ್ಕಾರ್ರ ಮೀನಿನ ಪಿಕಪ್ಪು ಓಡಿಸುತ್ತಿದ್ದವನು ಚೌಡಣ್ಣ. ಬೆಳಿಗ್ಗೆ ಬಂದರದಲ್ಲಿ ಮೀನು ತುಂಬಿಕೊಂಡು ಮಂಕಿ, ಹೊನ್ನಾವರ, ಕುಮಟೆ, ಹಿರೇಗುತ್ತಿ ಅಂತ ಇಳಿಸುತ್ತ ಹೋಗಿ ಸಂಜೆಗೆ ತಿರುಗಿ ಬರುವುದು. ಅದಕ್ಕೂ ಮೊದಲು ಹದಿನಾರು ವರ್ಷ ಬೋಟಿನ ಎಂಜಿನ್ ಪಕ್ಕ ಕೂತವನು. ಆ ಎಂಜಿನ್ನು ಅವನ ಎರಡೂ ಕಿವಿಯನ್ನು ತಿಂದು ಮುಗಿಸಿತ್ತು. ವಿಷಯ ಗೊತ್ತಿದ್ದದ್ದು ಅವನ ಹೆಂಡತಿ ಸೋಮಿಗೆ ಒಬ್ಬಳಿಗೇ. ಕೇಳದ ಮಾತಿಗೆಲ್ಲ ಅವನದು ಒಂದೇ ಉತ್ತರ: "ಆತು, ಆತು." ಜನ ಅದನ್ನು ಒಳ್ಳೇತನ ಅಂದುಕೊಂಡಿದ್ದರು.

ಒಂದು ದಿನ ಮಧ್ಯಾಹ್ನ ಪ್ಲಾಂಟಿನ ಹಿಂದೆ ನನ್ನನ್ನು ಕರೆದು ನಿಲ್ಲಿಸಿ, ಎಲ್ಲವನ್ನೂ ಹೇಳಿದ. ಮಾತಾಡುವಾಗ ನನ್ನ ತುಟಿಯನ್ನೇ ನೋಡುತ್ತಿದ್ದ.

"ಕುಮಟೆ ಡಾಕ್ಟ್ರು ಕಿವಿಗೆ ಮಿಷನ್ ಹಾಕು ಹೇಳ್ತ್ರು. ಕಿವಿಗೆ ಹಾಕಿದ್ರೆ ಸಾವ್ಕಾರ್ರು ಅದೇ ದಿನ ಕೀ ತಕಂತ್ರು. ಅದಕ್ಕೇ ಗಾಡಿಗೆ ಹಾಕೂದು."

"ಗಾಡಿಗೆ ಎಂತ ಹಾಕೂದು?"

"ದೊಡ್ಡ ಸೆಟ್ಟು. ಹಾಡು ಜೋರಿದ್ರೆ ಗಾಡಿ ಒಳಗೆ ಕೂತವ್ರು ಕೂಗೇ ಮಾತಾಡ್ಬೇಕು. ಕೂಗಿದ್ರೆ ನಂಗೆ ಅರ್ಧ ಕೇಳ್ತದೆ. ಕೇಳಲಿಲ್ಲ ಅಂದ್ರೂ ಹಾಡಿಂದಾಗಿ ಅಂದ್ಕಂತ್ರು."

ಇಂಥ ಬುದ್ಧಿ ನನ್ನ ಏಳು ಪಾಠಗಳಲ್ಲಿ ಎಲ್ಲೂ ಇರಲಿಲ್ಲ. "ಹಿಂದಿನ ಗಾಡಿ ಹಾರ್ನ್ ಹೊಡೆದ್ರೆ?" ಎಂದು ಕೇಳಿದೆ.

"ಕನ್ನಡಿ ಅದೆಯಲ್ಲ. ಕಣ್ಣು ಅದೆಯಲ್ಲ. ಇಷ್ಟು ವರ್ಷ ಒಂದು ಕೋಳಿಗೂ ತಾಗ್ಸಲಿಲ್ಲ ಮಾರಾಯಾ."

ಅದು ನಿಜವೇ ಆಗಿತ್ತು. ಆದರೆ ನಾನು ಒಪ್ಪಿದ್ದು ಅದಕ್ಕಲ್ಲ. ಜೀವಮಾನದಲ್ಲಿ ಒಮ್ಮೆ ಆಂಪ್ಲಿಫೈಯರ್ ಮುಟ್ಟಬೇಕೆಂಬ ಆಸೆ ನನಗಿತ್ತು.

ಭಟ್ಕಳ ಪೇಟೆಯಲ್ಲಿ ದುಬೈ ಸಾಮಾನು ಮಾರುವ ಅಂಗಡಿಯಿಂದ ಹಳೇ ಸೆಟ್ಟೊಂದನ್ನು ತಂದೆವು. ಕ್ಯಾಸೆಟ್ ಪ್ಲೇಯರು, ಆಂಪ್ಲಿಫೈಯರು, ಎರಡು ಓವಲ್ ಸ್ಪೀಕರು, ಒಂದು ವೂಫರು. ಜೊತೆಗಿದ್ದ ಪುಸ್ತಕ ಪೂರ್ತಿ ಅರಬ್ಬಿಯಲ್ಲಿತ್ತು. ಚೌಡಣ್ಣನ ಎದುರು ಅದನ್ನು ಎರಡು ಸಲ ತಿರುವಿ ಹಾಕಿ, "ಸುಲಭ ಅದೆ" ಅಂದೆ.

ಭಾನುವಾರವಿಡೀ ಕೆಲಸ. ಪ್ಲಾಂಟಿನ ಮುರಿದ ಬಾಗಿಲಿನ ಪ್ಲೈವುಡ್ ಕೊಯ್ದು ಸೀಟಿನ ಹಿಂದೆ ವೂಫರಿಗೆ ಪೆಟ್ಟಿಗೆ ಮಾಡಿದೆ. ಹಳದಿ ವೈರು ಬ್ಯಾಟರಿಗೆ, ಕೆಂಪು ಕೀಗೆ. ಇನ್ನು ಉಳಿದದ್ದು ಕಪ್ಪು ವೈರು. ಅದನ್ನು ಗಾಡಿಯ ತಗಡಿನ ಮೈಗೆ ಕಟ್ಟಿ ಅರ್ಥಿಂಗ್ ಕೊಡಬೇಕು, ಅದು ಬಿಟ್ಟುಹೋದರೆ ಸೆಟ್ಟೇ ಬಂದ್. ಬಣ್ಣ ಕೆರೆದು, ತುಕ್ಕು ಕೆರೆದು, ಹೊಳೆಯುವ ತಗಡು ಕಂಡಮೇಲೆ ಕಟ್ಟಬೇಕು ಎಂದು ಆರನೇ ಪಾಠದಲ್ಲೇ ಇತ್ತು. ಅಷ್ಟು ಹೊತ್ತಿಗೆ ನನ್ನ ಬೆನ್ನು ಹಿಡಿದುಕೊಂಡಿತ್ತು. ಸೀಟಿನ ಕೆಳಗೆ ಒಂದು ಬೋಲ್ಟು ಕೈಗೆ ಸಿಕ್ಕಿತು. ವೈರನ್ನು ಅದಕ್ಕೇ ಸುತ್ತಿ ಬಿಗಿದೆ.

ಕ್ಯಾಸೆಟ್ ಹಾಕಿದಾಗ ಪಿಕಪ್ಪಿನ ಗಾಜು ನಡುಗಿತು. ಬಂದರದ ಕಾಗೆಗಳು ಎದ್ದವು. ಚೌಡಣ್ಣ ಅಂಗೈಯನ್ನು ವೂಫರಿನ ಮೇಲಿಟ್ಟು, ಜ್ವರ ನೋಡುವವನ ಹಾಗೆ ಕಣ್ಣು ಮುಚ್ಚಿ ನಿಂತ.

"ಬತ್ತಾ ಅದೆ," ಅಂದ.

ಮೂರು ತಿಂಗಳು ಅವನದೇ ರಾಜ್ಯ. ಮಂಕಿಯಲ್ಲಿ ಮೀನು ಮಾರುವ ಹನುಮಕ್ಕ ಬುಟ್ಟಿ ಇಟ್ಟುಕೊಂಡು ರಸ್ತೆಬದಿ ಕಾಯುತ್ತ, "ಬಂತು ನೋಡು ಚೌಡನ ಮದುವೆ ದಿಬ್ಬಣ! ಬಂಗಡೆ ಅದೆಯನೋ, ಬರೀ ಬ್ಯಾಂಡ್ ಅದೆಯನೋ?" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಚೌಡಣ್ಣ ನಗುತ್ತಿದ್ದ. ಎಷ್ಟೋ ವರ್ಷದ ಮೇಲೆ ತಮಾಷೆ ಅವನಿಗೆ ಸಮಯಕ್ಕೆ ಸರಿಯಾಗಿ ಕೇಳಿಸಿತ್ತು.

ನಾನು ಮರೆತದ್ದು ಸಾವ್ಕಾರ್ರ ಮನೆಯ ಮೀನನ್ನು. ದಿನಾ ಬಂದ ಒಳ್ಳೆಯ ಇಸವಾಣ ಮೀನನ್ನು ಹೊನ್ನಾವರದ ಅವರ ಮನೆಗೆಂದು ಬೇರೆ ತೆಗೆದು, ಐಸು ಹಾಕಿ, ಮುಂದುಗಡೆ ಸೀಟಿನ ಹತ್ತಿರ ಇಟ್ಟುಕೊಂಡು ಹೋಗುವುದು ವಾಡಿಕೆ. ಹಿಂದೆ ಇಟ್ಟರೆ ದಾರಿಯಲ್ಲಿ ಯಾರಾದರೂ ಬದಲಾಯಿಸುತ್ತಾರೆಂಬ ಭಯ. ಆ ಬುಟ್ಟಿಯಿಂದ ಮೂರು ತಿಂಗಳು ಉಪ್ಪುನೀರು ನನ್ನ ಬೋಲ್ಟಿನ ಮೇಲೆ ತೊಟ್ಟಿಕ್ಕಿತ್ತು. ಆ ಐಸನ್ನು ಒಡೆದು ತುಂಬುತ್ತಿದ್ದವನೂ ನಾನೇ.

ಒಂದು ದಿನ ಸಾವ್ಕಾರ್ರು ಹೊನ್ನಾವರಕ್ಕೆ ಪಿಕಪ್ಪಿನಲ್ಲೇ ಹೊರಟರು. ನನಗೆ ರಜೆ, ಅಮ್ಮನ ಮನೆಗೆ ಹೋಗುವುದಿತ್ತು, ನಾನೂ ಹತ್ತಿದೆ. ಕಿಟಕಿಯ ಬದಿ ಸಾವ್ಕಾರ್ರು, ನಡುವೆ ನಾನು, ನನ್ನ ಕಾಲ ಹತ್ತಿರ ಮೀನಿನ ಬುಟ್ಟಿ. ಹಾಡು ಜೋರಾಗಿತ್ತು. ಸಾವ್ಕಾರ್ರು ಕೂಗಿ ಕೇಳುತ್ತಿದ್ದರು, ಚೌಡಣ್ಣ ಕೂಗಿ ಹೇಳುತ್ತಿದ್ದ. ಎಲ್ಲ ಅವನು ಎಣಿಸಿದ ಹಾಗೆಯೇ.

ಮಂಕಿ ದಾಟಿದ ಮೇಲೆ ಒಂದು ಗುಂಡಿಗೆ ಗಾಡಿ ಹಾರಿತು. ಹಾಡು ನಿಂತುಹೋಯಿತು.

ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಚೌಡಣ್ಣನ ಬೆರಳು ಮಾತ್ರ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಲೇ ಇತ್ತು. ನಾನು ಮೊಣಕೈಯಿಂದ ಅವನನ್ನು ತಿವಿಯಬಹುದಿತ್ತು. ಅದನ್ನು ಬಿಟ್ಟು ಸೆಟ್ಟಿನ ಗುಂಡಿಗಳನ್ನು ತಿರುಗಿಸತೊಡಗಿದೆ, ಮೆಕ್ಯಾನಿಕ್ಕಲ್ಲವೇ.

ಚೌಡಣ್ಣ ನನ್ನ ಕೈ ನೋಡಿ, ಸಾವ್ಕಾರ್ರ ಕಡೆ ಬಗ್ಗಿ, ಗಂಟಲೆತ್ತಿ ಕೂಗಿದ: "ಸಾವ್ಕಾರ್ರೇ, ಹಾಡು ಸ್ವಲ್ಪ ಕಮ್ಮಿ ಮಾಡೂದನ್ರಾ?"

ಸಾವ್ಕಾರ್ರು ಸೆಟ್ಟನ್ನು ನೋಡಿದರು. ಅವನ ಬೆರಳನ್ನು ನೋಡಿದರು. ಆಮೇಲೆ ಮಲಗಿದ ಮಗುವಿನ ಹತ್ತಿರ ಮಾತಾಡುವಷ್ಟು ಮೆತ್ತಗೆ, "ಚೌಡ, ಗಾಡಿ ನಿಲ್ಸು" ಅಂದರು.

"ಆತು, ಆತು," ಅಂದ ಚೌಡಣ್ಣ. ಗಾಡಿ ಹೋಗುತ್ತಲೇ ಇತ್ತು.

ಅವರು ನನ್ನನ್ನು ದಾಟಿ ಕೈ ಚಾಚಿ ಅವನ ಭುಜ ಮುಟ್ಟಿದರು. ಆಗ ಅವನು ತಿರುಗಿ ನಮ್ಮಿಬ್ಬರ ಮುಖ ನೋಡಿದ. ಒಂದು ಕೈಯನ್ನು ಹಿಂದೆ ಹಾಕಿ ವೂಫರನ್ನು ಮುಟ್ಟಿ ನೋಡಿದ. ಗಾಡಿಯನ್ನು ಬದಿಗೆ ತಂದು, ಗೇರು ತಪ್ಪಿಸಿ, ಕೀ ಕಿತ್ತು, ಕೇಳುವ ಮೊದಲೇ ಕೊಟ್ಟುಬಿಟ್ಟ.

ಸಾವ್ಕಾರ್ರು ಬೈಯಲಿಲ್ಲ. "ರಸ್ತೇಲಿ ಶಾಲೆ ಮಕ್ಕಳು ಇರ್ತವೆ ಚೌಡ," ಅಂದರು ಅಷ್ಟೇ, ಅವನಿಗೆ ತುಟಿ ಕಾಣುವ ಹಾಗೆ. ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ. ಹೊನ್ನಾವರದವರೆಗೆ ಅವರೇ ಓಡಿಸಿದರು. ಚೌಡಣ್ಣ ಕಿಟಕಿಯ ಬದಿ ಕೂತು, ರೂಢಿಯ ಹಾಗೆ, ತಿರುವು ಬಂದಾಗಲೆಲ್ಲ ಬಲಗಾಲು ಒತ್ತುತ್ತಿದ್ದ.

ಸಾವ್ಕಾರ್ರೇ ಹೇಳಿ ಅವನನ್ನು ನಮ್ಮ ಪ್ಲಾಂಟಿಗೆ ಸೇರಿಸಿದರು, ಐಸು ಪುಡಿ ಮಾಡುವ ಮಿಷನ್ನಿಗೆ. ಅದರ ಪಕ್ಕದಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತೇವೆ. ಅಲ್ಲಿ ಅವನು ನಮ್ಮೆಲ್ಲರಷ್ಟೇ ಕಿವುಡ. ಬೆಳಿಗ್ಗೆ ಪಿಕಪ್ಪು ಐಸಿಗೆ ಬಂದಾಗ ಮಾತ್ರ ಬೇರೆ ಕಡೆ ತಿರುಗಿ ನಿಲ್ಲುತ್ತಾನೆ.

ಸೆಟ್ಟು ಬಿಚ್ಚುವಾಗ ಬೋಲ್ಟಿಗೆ ಸುತ್ತಿದ್ದ ಆ ಕಪ್ಪು ವೈರನ್ನು ಮುಟ್ಟಿದೆ. ಹಸಿರು ಪುಡಿಯಾಗಿ ಕೈಗೆ ಬಂತು.

ಒಮ್ಮೆ ಮಿಷನ್ನು ಓಡುತ್ತಿದ್ದಾಗ ಚೌಡಣ್ಣ ನನ್ನ ಕಿವಿಗೆ ಬಾಯಿಟ್ಟು ಕೇಳಿದ: "ಅವತ್ತು ಸೆಟ್ಟಿಗೆ ಎಂತ ಆಗಿತ್ತಾ?"

ನಾನು ಐಸಿನ ಗಡ್ಡೆ ಎತ್ತಿಕೊಂಡು, ಅವನಿಗೆ ಬೆನ್ನು ಹಾಕಿ ಹೇಳಿದೆ. ತುಕ್ಕು ಕೆರೆಯಲಿಲ್ಲ ಚೌಡಣ್ಣ, ಬೆನ್ನು ನೋಯುತ್ತಿತ್ತು, ನಂದೇ ತಪ್ಪು. ಎಲ್ಲವನ್ನೂ ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಿದೆ.

"ಆತು, ಆತು," ಅಂದ.